ಉಳಿಸಲ್ಪಟ್ಟ ಮಗನು, ಕಳುಹಿಸಲ್ಪಟ್ಟ ಮಗನು: ಸೂಪರ್‌ಮ್ಯಾನ್ ಚಿತ್ರಗಳಲ್ಲಿ ಕ್ರಿಸ್ತರೂಪದ ಚರಿತ್ರೆ

2013ನೆಯ ಇಸವಿಯ ಜೂನ್ ತಿಂಗಳಿನಲ್ಲಿ ‘ಮ್ಯಾನ್ ಆಫ್ ಸ್ಟೀಲ್’ ಎಂಬ ಚಲನಚಿತ್ರವು ಅಮೆರಿಕದಲ್ಲಿ ಬಿಡುಗಡೆಯಾದಾಗ, ವಾರ್ನರ್ ಬ್ರದರ್ಸ್ ಸಂಸ್ಥೆಯು ಅಲ್ಲಿಯ ಸಭಾಪಾಲಕರನ್ನು ವಿಶೇಷ ಪ್ರದರ್ಶನಗಳಿಗೆ ಆಹ್ವಾನಿಸಿತು. ಅಷ್ಟಕ್ಕೆ ನಿಲ್ಲದೆ, ಭಾನುವಾರದ ಪ್ರಸಂಗಕ್ಕೆ ಉಪಯೋಗಿಸಬಹುದಾದ ಟಿಪ್ಪಣಿಗಳನ್ನು ಕ್ರೈಸ್ತ ವಿದ್ವಾಂಸರೊಬ್ಬರಿಂದ ಬರೆಯಿಸಿ ಹಂಚಿತು. ಯೇಸುವನ್ನು ಮೊತ್ತಮೊದಲ ಸೂಪರ್‌ಹೀರೋ ಎಂದು ಪರಿಚಯಿಸುವ ಟಿಪ್ಪಣಿಗಳು ಅವು. ಚಿತ್ರೋದ್ಯಮವು ಸಭೆಯ ಬಾಗಿಲನ್ನು ತಟ್ಟಿದ್ದು ಅದೇ ಮೊದಲಲ್ಲ. 2004ರಲ್ಲಿ ‘ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್’ ಚಿತ್ರಕ್ಕೆ ದೊರೆತ ಸಭೆಗಳ ಬೆಂಬಲವನ್ನು ವ್ಯಾಪಾರಿಗಳು ಮರೆತಿರಲಿಲ್ಲ. ಆದರೆ ಇಲ್ಲಿ ಪ್ರಸಂಗಪೀಠಕ್ಕೆ ಒಪ್ಪಿಸಲ್ಪಟ್ಟದ್ದು ಸುವಾರ್ತೆಯ ಕಥೆಯಲ್ಲ, ಚಿತ್ರಪುಸ್ತಕದ ವೀರನೊಬ್ಬನ ಕಥೆ.

ಆ ಕಥೆಯನ್ನು ಬಲ್ಲವರಿಗೆ ಹೋಲಿಕೆ ಸಹಜವಾಗಿಯೇ ತೋರುತ್ತದೆ. ಮೇಲಿನ ಲೋಕದಲ್ಲಿರುವ ತಂದೆಯು ತನ್ನ ಒಬ್ಬನೇ ಮಗನನ್ನು ಭೂಮಿಗೆ ಕಳುಹಿಸುತ್ತಾನೆ. ಮಗನು ಹಳ್ಳಿಯ ಸಾಮಾನ್ಯ ದಂಪತಿಗಳ ಮನೆಯಲ್ಲಿ ಬೆಳೆಯುತ್ತಾನೆ. ಬಹುಕಾಲ ಮರೆಯಲ್ಲಿದ್ದು, ಬಳಿಕ ಅದ್ಭುತಕಾರ್ಯಗಳಿಂದ ಜನರನ್ನು ರಕ್ಷಿಸುತ್ತಾನೆ. ಯುವಜನರ ಶಿಬಿರದಲ್ಲಿ ಇದನ್ನು ದೃಷ್ಟಾಂತವಾಗಿ ಬಳಸಬೇಕೆಂಬ ಆಸೆ ಯಾವ ಬೋಧಕನಿಗೂ ಹುಟ್ಟಬಹುದು. ಹಾಗೆ ಬಳಸುವುದಕ್ಕೆ ಮುಂಚೆ ಈ ಹೋಲಿಕೆಯ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಏಕೆಂದರೆ ಅದು ಕಥೆಯೊಡನೆ ಹುಟ್ಟಿದ್ದಲ್ಲ. ಕಥೆ ಹುಟ್ಟಿ ನಲವತ್ತು ವರ್ಷಗಳಾದ ಮೇಲೆ, ಗೊತ್ತಾದ ಕಾಲದಲ್ಲಿ, ಹೆಸರುಳ್ಳ ಮನುಷ್ಯರ ಕೈಯಿಂದ ಅದು ಸ್ಪಷ್ಟ ರೂಪವನ್ನು ಪಡೆಯಿತು. ಆಗ ಕಥೆಯೊಳಗಿನ ಒಂದು ಮುಖ್ಯ ಸಂಗತಿ ಸದ್ದಿಲ್ಲದೆ ಬದಲಾಯಿತು.

ಸೂಪರ್‌ಮ್ಯಾನನನ್ನು ಕಲ್ಪಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯೆಹೂದಿ ತರುಣರು. ಇಬ್ಬರೂ 1914ರಲ್ಲಿ ಹುಟ್ಟಿದವರು. ಪೂರ್ವ ಯೂರೋಪಿನ ಕಡೆಯಿಂದ ವಲಸೆ ಬಂದ ಕುಟುಂಬಗಳವರು. ಒಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಗ್ಲೆನ್‌ವಿಲ್ ಪ್ರೌಢಶಾಲೆಯಲ್ಲಿ ಗೆಳೆಯರಾದವರು. 1932ರಲ್ಲಿ ಸೀಗಲನ ತಂದೆಯು ತನ್ನ ಬಟ್ಟೆಯಂಗಡಿಯಲ್ಲಿ ಕಳ್ಳತನ ನಡೆದ ಸಮಯದಲ್ಲಿ ಕುಸಿದುಬಿದ್ದು ಸತ್ತನು. ಮರುವರ್ಷದ ಜನವರಿಯಲ್ಲಿ ಈ ಹುಡುಗರು ತಾವೇ ಅಚ್ಚುಹಾಕುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ‘ಸೂಪರ್‌ಮ್ಯಾನ್’ ಎಂಬ ಹೆಸರು ಮೊದಲು ಕಾಣಿಸಿತು. ಆದರೆ ಆ ಸೂಪರ್‌ಮ್ಯಾನನು ಬೋಳುತಲೆಯ ಖಳನಾಯಕ. ನೀತ್ಶೆಯ ಅತಿಮಾನವನ ಕಲ್ಪನೆ ಬರ್ನಾರ್ಡ್ ಷಾ ಮುಂತಾದವರ ಮೂಲಕ ಇಂಗ್ಲಿಷಿಗೆ ಇಳಿದು ಸವೆದುಹೋದ ಮೇಲೆ ಉಳಿದಿದ್ದ ಪದವನ್ನೇ ಅವರು ಎತ್ತಿಕೊಂಡಿದ್ದರು. ಐದು ವರ್ಷ ಪತ್ರಿಕೆಯಿಂದ ಪತ್ರಿಕೆಗೆ ಅಲೆದ ಮೇಲೆ, 1938ರ ಜೂನ್ ತಿಂಗಳ ಗುರುತುಳ್ಳ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ನಾವು ಬಲ್ಲ ಸೂಪರ್‌ಮ್ಯಾನನು ಪ್ರಕಟವಾದನು. ಸಮಸ್ತ ಹಕ್ಕುಗಳಿಗೆ ಅವರಿಬ್ಬರಿಗೂ ಸೇರಿ ಸಿಕ್ಕಿದ ಹಣ 130 ಡಾಲರ್.

ಆ ಮೊದಲ ಸಂಚಿಕೆಯಲ್ಲಿ ಹುಟ್ಟಿನ ಕಥೆಗೆ ದೊರೆತಿರುವುದು ಒಂದೇ ಪುಟ. ದೂರದ ಗ್ರಹವೊಂದು ನಾಶವಾಗುತ್ತಿದೆ. ಅಲ್ಲಿಯ ವಿಜ್ಞಾನಿಯು ತನ್ನ ಹಸುಗೂಸನ್ನು ಅವಸರವಾಗಿ ಕಟ್ಟಿದ ಆಕಾಶನೌಕೆಯಲ್ಲಿಟ್ಟು ಭೂಮಿಯತ್ತ ಬಿಡುತ್ತಾನೆ. ಏತಕ್ಕೆ? ಮಗು ಬದುಕಲಿ ಎಂಬುದಕ್ಕೆ. ಭೂಮಿಯವರಿಗೆ ಬೆಳಕು ಕೊಡಬೇಕೆಂಬ ಉದ್ದೇಶವಾಗಲಿ, ನೇಮಕವಾಗಲಿ, ಆಜ್ಞೆಯಾಗಲಿ ಅಲ್ಲಿಲ್ಲ. ಇದು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯಕ್ಕಿಂತ ವಿಮೋಚನಕಾಂಡದ ಎರಡನೆಯ ಅಧ್ಯಾಯಕ್ಕೆ ಹತ್ತಿರವಾದ ಕಥೆ. ಫರೋಹನ ಆಜ್ಞೆಗೆ ಅಂಜಿದ ತಾಯಿಯು ಆಪಿನ ಪೆಟ್ಟಿಗೆಗೆ ರಾಳ ಬಳಿದು ಮಗುವನ್ನು ನೈಲ್ ನದಿಯ ಅಂಚಿನಲ್ಲಿ ಇಟ್ಟಾಗ ಅವಳ ಮನಸ್ಸಿನಲ್ಲಿ ಇಸ್ರಾಯೇಲಿನ ಬಿಡುಗಡೆಯ ಯೋಜನೆಯಿರಲಿಲ್ಲ. ಇದ್ದದ್ದು ಆ ಒಂದು ಜೀವ.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಮೋಶೆಯ ಕಥೆಯನ್ನೇ ಅನುಸರಿಸಿ ಬರೆದೆವೆಂದು ಆ ತರುಣರು ಘೋಷಿಸಿದವರಲ್ಲ. ಸೀಗಲನು ನೆನೆದ ಮಾದರಿಗಳಲ್ಲಿ ಸಂಸೋನನೂ ಹರ್ಕ್ಯುಲೀಸನೂ ಇದ್ದರು. ಹಾಗೆಯೇ, ನಾಯಕನ ಗ್ರಹದ ಹೆಸರಾದ ‘ಕಾಲ್-ಎಲ್’ ಎಂಬುದರಲ್ಲಿ ದೇವರೆಂಬ ಅರ್ಥದ ಇಬ್ರಿಯ ಪದ ಅಡಗಿದೆಯೆಂಬ ಮಾತು ಪ್ರಸಂಗಗಳಲ್ಲಿಯೂ ಪುಸ್ತಕಗಳಲ್ಲಿಯೂ ಪದೇ ಪದೇ ಕೇಳಿಬರುತ್ತದೆ. 1939ರ ದಿನಪತ್ರಿಕೆಯ ಚಿತ್ರಮಾಲೆಯಲ್ಲಿ ಈ ಹೆಸರುಗಳು ಮೊದಲು ಬಂದಾಗ ತಂದೆಯ ಹೆಸರಿನ ಕೊನೆಗೂ ಮಗನ ಹೆಸರಿನ ಕೊನೆಗೂ ಇದ್ದದ್ದು ಇಂಗ್ಲಿಷಿನ ಒಂದೇ ಒಂದು ಅಕ್ಷರ. ತಂದೆಯ ಹೆಸರನ್ನು ‘ಜಾರ್-ಎಲ್’ ಎಂದು ಬಿಡಿಸಿ ಬರೆದವನು 1942ರಲ್ಲಿ ಈ ಕಥೆಯನ್ನು ಕಾದಂಬರಿಯಾಗಿಸಿದ ಜಾರ್ಜ್ ಲೋಥರ್. ಇಷ್ಟು ತೆಳುವಾದ ನೂಲಿನ ಮೇಲೆ ದೈವಶಾಸ್ತ್ರವನ್ನು ತೂಗಹಾಕುವುದು ಬೇಡ. ಪದದ ಧಾತುವಿಗಿಂತ ಕಾಲದ ಒತ್ತಡವೇ ಇಲ್ಲಿ ಹೆಚ್ಚು ಹೇಳುತ್ತದೆ. ನಿರುದ್ಯೋಗದ ಭಯ, ಹಿಟ್ಲರನ ಜರ್ಮನಿಯಲ್ಲಿ ಯೆಹೂದ್ಯರು ಅನುಭವಿಸುತ್ತಿದ್ದ ಹಿಂಸೆಯ ಸುದ್ದಿ, ದಿಕ್ಕಿಲ್ಲದವರಿಗೆ ನೆರವಾಗಬೇಕೆಂಬ ತವಕ, ಇವು ತನ್ನನ್ನು ಈ ಕಲ್ಪನೆಗೆ ತಳ್ಳಿದವೆಂದು ಸೀಗಲನು 1975ರಲ್ಲಿ ಹೇಳಿಕೊಂಡನು.

ಆರಂಭದ ಕಥೆಗಳನ್ನು ಓದಿದರೆ ಇದು ನಿಜವೆನಿಸುತ್ತದೆ. ಮೊದಲ ವರ್ಷದ ಸೂಪರ್‌ಮ್ಯಾನನಿಗೆ ಅನ್ಯಗ್ರಹದ ಶತ್ರುಗಳಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡ, ಲಂಚಕೋರ ರಾಜಕಾರಣಿ, ಕಾರ್ಮಿಕರ ಪ್ರಾಣರಕ್ಷಣೆಗೆ ಹಣ ಖರ್ಚು ಮಾಡದ ಗಣಿಯ ಮಾಲೀಕ, ಇಂಥವರೇ ಅವನಿಗೆ ಎದುರಾಳಿಗಳು. ಒಂದು ಕಥೆಯಲ್ಲಿ ಅವನು ಕೊಳಚೆ ವಸತಿಯನ್ನು ತಾನೇ ಕೆಡವಿಹಾಕುತ್ತಾನೆ, ಸರ್ಕಾರವು ಬಡವರಿಗೆ ಹೊಸ ಮನೆ ಕಟ್ಟಿಸಲೇಬೇಕಾಗಲಿ ಎಂದು! ಆಮೋಸನ ಪ್ರವಾದನೆಯನ್ನು ಒಬ್ಬ ಹದಿಹರೆಯದವನ ಆತುರದಲ್ಲಿ ಓದಿದಂತೆ ಇದೆ ಆ ಕಥೆ. 1940ರ ಫೆಬ್ರುವರಿಯಲ್ಲಿ ‘ಲುಕ್’ ಪತ್ರಿಕೆಗಾಗಿ ಬರೆದ ಎರಡು ಪುಟಗಳಲ್ಲಿ ಸೂಪರ್‌ಮ್ಯಾನನು ಹಿಟ್ಲರನನ್ನೂ ಸ್ಟಾಲಿನನನ್ನೂ ಹಿಡಿದೆತ್ತಿ ಜಿನೀವಾದ ರಾಷ್ಟ್ರಸಂಘದ ಮುಂದೆ ವಿಚಾರಣೆಗೆ ನಿಲ್ಲಿಸಿದನು. ಎಸ್‌ಎಸ್ ಪಡೆಯ ವಾರಪತ್ರಿಕೆ ‘ದಾಸ್ ಶ್ವಾರ್ತ್ಸೆ ಕೋರ್’ ಆ ಏಪ್ರಿಲಿನಲ್ಲಿ ಸೀಗಲನ ಯೆಹೂದಿ ಹುಟ್ಟನ್ನೇ ಹಿಡಿದು ಹೀಯಾಳಿಸಿತು. ಈ ವೀರನು ಎಲ್ಲಿಂದ ಬಂದವನೆಂಬುದು ಅವನ ಶತ್ರುಗಳಿಗೆ ಗೊತ್ತಿತ್ತು.

ಅದೇ ಕಾಲದಲ್ಲಿ ನಿಜವಾದ ತಂದೆತಾಯಿಗಳು ನಿಜವಾದ ಮಕ್ಕಳನ್ನು ಹೀಗೆಯೇ ಕಳುಹಿಸುತ್ತಿದ್ದರು. 1938ರ ಡಿಸೆಂಬರಿನಿಂದ ಮಹಾಯುದ್ಧ ಆರಂಭವಾಗುವ ತನಕ ಜರ್ಮನಿ, ಆಸ್ಟ್ರಿಯ ಮೊದಲಾದ ಕಡೆಗಳಿಂದ ಸುಮಾರು 10,000 ಮಕ್ಕಳು, ಬಹುಪಾಲು ಯೆಹೂದ್ಯರು, ಹೆತ್ತವರಿಲ್ಲದೆ ರೈಲುಗಳಲ್ಲಿ ಹೊರಟು ಇಂಗ್ಲೆಂಡನ್ನು ಸೇರಿದರು. ಅವರಲ್ಲಿ ಬಹುಮಂದಿ ತಂದೆತಾಯಿಗಳನ್ನು ಮತ್ತೆ ಕಾಣಲಿಲ್ಲ. ಸೂಪರ್‌ಮ್ಯಾನನ ಮೊದಲ ಸಂಚಿಕೆ ಈ ರೈಲುಗಳಿಗಿಂತ ಮುಂಚೆಯೇ ಅಚ್ಚಾದುದರಿಂದ ಅದಕ್ಕೆ ಇದು ಮೂಲವಲ್ಲ. ಆದರೂ 1939ರಲ್ಲಿ ಅದನ್ನು ಓದಿದ ಯಾವ ವಲಸಿಗ ಕುಟುಂಬಕ್ಕಾದರೂ ಆ ಒಂದು ಪುಟ ಬರೀ ಕಟ್ಟುಕಥೆಯಾಗಿ ಕಂಡಿರಲಾರದು. ಆ ವರ್ಷವೇ, 20,000 ನಿರಾಶ್ರಿತ ಮಕ್ಕಳನ್ನು ಅಮೆರಿಕಕ್ಕೆ ಬರಮಾಡಿಕೊಳ್ಳಬೇಕೆಂಬ ವ್ಯಾಗ್ನರ್-ರಾಜರ್ಸ್ ಮಸೂದೆ ಅಲ್ಲಿಯ ಶಾಸನಸಭೆಯಲ್ಲಿ ಮುಂದೆ ಸಾಗದೆ ಸತ್ತಿತು. ಆಕಾಶದಿಂದ ಬಂದ ಅನಾಥನನ್ನು ಅಕ್ಕರೆಯಿಂದ ಬರಮಾಡಿಕೊಂಡ ದೇಶವು ರೈಲಿನಲ್ಲಿ ಬರಬಹುದಾಗಿದ್ದ ಅನಾಥರಿಗೆ ಬಾಗಿಲು ತೆರೆಯಲಿಲ್ಲ.

ಶಿಲುಬೆಯ ಚಿಹ್ನೆ ಈ ಕಥಾಮಾಲೆಯಲ್ಲಿ ಒಂದು ಮುಖ್ಯ ಸಂಗತಿಯಾಗಿ ನಿಂತ ಸಂದರ್ಭವೂ ನಮ್ಮನ್ನು ತಡೆದು ನಿಲ್ಲಿಸುವಂಥದು. 1946ರ ಬೇಸಿಗೆಯಲ್ಲಿ ಅಮೆರಿಕದ ರೇಡಿಯೋದಲ್ಲಿ ‘ಕ್ಲ್ಯಾನ್ ಆಫ್ ದಿ ಫಿಯರಿ ಕ್ರಾಸ್’ ಎಂಬ ಸೂಪರ್‌ಮ್ಯಾನ್ ನಾಟಕ ಹದಿನಾರು ಕಂತುಗಳಲ್ಲಿ ಪ್ರಸಾರವಾಯಿತು. ಚೀನೀ ಮೂಲದ ಕುಟುಂಬವೊಂದನ್ನು ಬೆದರಿಸಲು ಮುಖವಾಡ ಧರಿಸಿದ ಗುಂಪೊಂದು ಶಿಲುಬೆಯನ್ನು ಸುಡುತ್ತದೆ. ಸೂಪರ್‌ಮ್ಯಾನನು ಅವರನ್ನು ಎದುರಿಸುತ್ತಾನೆ. ಹೆಸರನ್ನು ಮರೆಮಾಚಿದ್ದರೂ ಗುರಿ ಕೂ ಕ್ಲಕ್ಸ್ ಕ್ಲ್ಯಾನ್ ಎಂಬುದು ಎಲ್ಲರಿಗೂ ತಿಳಿದಿತ್ತು. 1915ರಲ್ಲಿ ಆ ಸಂಘವನ್ನು ಮತ್ತೆ ಕಟ್ಟಿ ಶಿಲುಬೆ ಸುಡುವುದನ್ನು ಆಚರಣೆಯಾಗಿಸಿದ ವಿಲಿಯಂ ಸಿಮನ್ಸ್ ಹಿಂದೆ ಮೆಥಡಿಸ್ಟ್ ಬೋಧಕನಾಗಿದ್ದವನು. ಹೀಗೆ ಸೂಪರ್‌ಮ್ಯಾನನು ಶಿಲುಬೆಯನ್ನು ಎದುರುಗೊಂಡದ್ದು ಪೀಡಿಸುವವರ ಕೈಯಲ್ಲಿ. ಅವನು ನಿಂತದ್ದು ಅದರ ಬೆಂಕಿಗೆ ಹೆದರಿದ ಮನೆಯವರ ಪಕ್ಕದಲ್ಲಿ. ಕ್ರಿಸ್ತಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಆಮೇಲೆ ಬಂದ ಭಾರೀ ವೆಚ್ಚದ ಚಿತ್ರಗಳ ಎಲ್ಲ ಶಿಲುಬೆಯಾಕಾರಗಳಿಗಿಂತ ಈ ರೇಡಿಯೋ ನಾಟಕವೇ ಗಾಢವಾದುದೆಂದು ನಮ್ಮ ಅಭಿಪ್ರಾಯ.

1978ರ ಡಿಸೆಂಬರಿನಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಿತ್ರ ತೆರೆಕಂಡಿತು. ಅದಕ್ಕೆ ಮೂರು ವರ್ಷ ಮುಂಚೆ, ಚಿತ್ರದ ಹಕ್ಕುಗಳು ದೊಡ್ಡ ಮೊತ್ತಕ್ಕೆ ಮಾರಾಟವಾದ ಸುದ್ದಿ ಕೇಳಿದ ಸೀಗಲನು ಸಾಮಾನ್ಯ ಗುಮಾಸ್ತೆಯ ಕೆಲಸದಲ್ಲಿದ್ದನು. ಶುಸ್ಟರನು ಹೆಚ್ಚುಕಡಿಮೆ ದೃಷ್ಟಿ ಕಳೆದುಕೊಂಡಿದ್ದನು. ಪತ್ರಿಕೆಗಳಲ್ಲಿ ಗದ್ದಲವೆದ್ದ ಮೇಲೆ ಸಂಸ್ಥೆಯು ವರ್ಷಕ್ಕೆ ತಲಾ 20,000 ಡಾಲರ್ ಜೀವನಾಂಶವನ್ನು ಒಪ್ಪಿ, ಸೃಷ್ಟಿಕರ್ತರೆಂದು ಅವರ ಹೆಸರನ್ನು ಮತ್ತೆ ಅಚ್ಚುಹಾಕಿಸಿತು.

ಈ ಚಿತ್ರದಲ್ಲಿಯೇ ನಾವು ಆರಂಭದಲ್ಲಿ ಹೇಳಿದ ಬದಲಾವಣೆ ನಡೆದದ್ದು. ಮಾರ್ಲನ್ ಬ್ರಾಂಡೊ ಅಭಿನಯಿಸಿದ ತಂದೆ ಜಾರ್-ಎಲ್ ಮಗನನ್ನು ಉಳಿಸಿಕೊಳ್ಳುವುದಕ್ಕಾಗಿ ಮಾತ್ರ ಕಳುಹಿಸುವುದಿಲ್ಲ. ಮನುಷ್ಯರಲ್ಲಿ ಒಳ್ಳೆಯತನದ ಸಾಮರ್ಥ್ಯವಿದ್ದರೂ ದಾರಿ ತೋರುವ ಬೆಳಕಿಲ್ಲ, ಆದಕಾರಣ ತನ್ನ ಒಬ್ಬನೇ ಮಗನನ್ನು ಅವರ ಬಳಿಗೆ ಕಳುಹಿಸಿದ್ದಾಗಿ ಹೇಳುತ್ತಾನೆ. ಅದಕ್ಕೂ ಮುಂಚೆ ಅವನು ದಂಗೆಯೆದ್ದ ಮೂವರನ್ನು ತನ್ನ ಲೋಕದಿಂದ ಹೊರಗೆ ತಳ್ಳಿಸಿದ್ದಾನೆ. ನೌಕೆಯು ನಕ್ಷತ್ರದಂತೆ ಹೊಳೆಯುತ್ತ ಬರುತ್ತದೆ. ಹದಿನೆಂಟರಲ್ಲಿ ಮನೆಬಿಟ್ಟ ಮಗನು ಹನ್ನೆರಡು ವರ್ಷ ಏಕಾಂತದಲ್ಲಿ ತಂದೆಯಿಂದ ಕಲಿತು, ಲೂಕನು ಹೇಳುವ ಮೂವತ್ತರ ಪ್ರಾಯದಲ್ಲಿ ಬಹಿರಂಗಕ್ಕೆ ಬರುತ್ತಾನೆ. ಇದು ಪ್ರೇಕ್ಷಕರ ಊಹೆಯಲ್ಲ. ಸಂಭಾಷಣೆಯನ್ನು ತಿದ್ದಿ ಬರೆದ ಟಾಮ್ ಮ್ಯಾಂಕಿವಿಚ್ ಕ್ರಿಸ್ತನ ಸಾದೃಶ್ಯವನ್ನು ಉದ್ದೇಶಪೂರ್ವಕವಾಗಿ ತಂದದ್ದನ್ನು ಮರೆಮಾಚಲಿಲ್ಲ. ನಿರ್ದೇಶಕ ಡಾನರ್ ಯೆಹೂದಿ ಮನೆತನದವನೇ ಆದುದರಿಂದ, ಸಭೆಯು ಯೆಹೂದ್ಯರ ಕಥೆಯನ್ನು ಕಿತ್ತುಕೊಂಡಿತೆಂದು ಸರಳವಾಗಿ ದೂರುವಂತೆಯೂ ಇಲ್ಲ. ಕ್ರೈಸ್ತರೇ ಹೆಚ್ಚಾಗಿರುವ ದೇಶದಲ್ಲಿ ಎಲ್ಲರಿಗೂ ಅರ್ಥವಾಗುವ ಗಾಂಭೀರ್ಯದ ಭಾಷೆ ಯಾವುದೋ ಅದನ್ನು ಚಿತ್ರೋದ್ಯಮ ಎತ್ತಿಕೊಂಡಿತು. ಆದರೆ ಫಲವೇನೆಂದರೆ, ಉಳಿಸಲ್ಪಟ್ಟ ಮಗು ಕಳುಹಿಸಲ್ಪಟ್ಟ ಮಗನಾದನು. ಯೆಹೂದಿ ನೆನಪಿನ ಮೇಲೆ ಕ್ರೈಸ್ತ ಬಣ್ಣ ಕೂತಿತು.

ಬಣ್ಣವಾದರೂ ನೇರವಾಗಿ ಕೂತಿದೆಯೇ? ಚಿತ್ರದ ಕೊನೆಯನ್ನು ನೋಡೋಣ. ಮಾನವಚರಿತ್ರೆಯಲ್ಲಿ ಕೈಹಾಕಬಾರದೆಂದು ತಂದೆಯು ಮಗನನ್ನು ನಿರ್ಬಂಧಿಸಿದ್ದಾನೆ. ಪ್ರಿಯಳಾದ ಲೋಯಿಸ್ ಭೂಕಂಪದಲ್ಲಿ ಸತ್ತಾಗ ಮಗನು ತಂದೆಯ ಮಾತನ್ನು ಮೀರಿ, ಭೂಮಿಯನ್ನು ಸುತ್ತಿ ಹಾರಿ, ಕಾಲವನ್ನೇ ಹಿಂದಕ್ಕೆ ತಿರುಗಿಸಿ ಅವಳನ್ನು ಬದುಕಿಸುತ್ತಾನೆ. ಇದು ಗೆತ್ಸೇಮನೆಯ ತದ್ವಿರುದ್ಧ. ಅಲ್ಲಿ ಮಗನು ಪಾನಪಾತ್ರೆಯನ್ನು ಕುಡಿಯುತ್ತಾನೆ. ಇಲ್ಲಿ ಅದನ್ನು ಚೆಲ್ಲಿಬಿಡುವ ಶಕ್ತಿಯೇ ಅವನ ಮಹಿಮೆ. 1980ರ ಎರಡನೆಯ ಚಿತ್ರವಂತೂ ಇನ್ನೂ ಮುಂದಕ್ಕೆ ಹೋಗುತ್ತದೆ. ಪ್ರೀತಿಗೋಸ್ಕರ ಸೂಪರ್‌ಮ್ಯಾನನು ತನ್ನ ಶಕ್ತಿಯನ್ನೆಲ್ಲ ತೊರೆದು ಮರ್ತ್ಯನಾಗುತ್ತಾನೆ. ಮೊದಲ ಬಾರಿಗೆ ಒಂದು ಉಪಾಹಾರಗೃಹದಲ್ಲಿ ಒದೆ ತಿಂದು ತನ್ನ ರಕ್ತವನ್ನು ತಾನೇ ನೋಡುತ್ತಾನೆ. ಆಮೇಲೆ ತಾನು ಮಾಡಿದ್ದು ತಪ್ಪೆಂದು ಅರಿತು ಶಕ್ತಿಯನ್ನು ಮರಳಿ ಬೇಡಲು ಹೋಗುತ್ತಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ಸಾರುವ ಬರಿದುಮಾಡಿಕೊಳ್ಳುವಿಕೆಯೇ ಸುವಾರ್ತೆಯ ಹೃದಯವಾಗಿರುವಾಗ, ಚಿತ್ರದಲ್ಲಿ ಅದು ತಿದ್ದಿಕೊಳ್ಳಬೇಕಾದ ಪ್ರಮಾದ.

ಮುಂದಿನ ಚಿತ್ರಗಳನ್ನು ಕುರಿತು ದೀರ್ಘವಾಗಿ ಹೇಳಬೇಕಾಗಿಲ್ಲ. ಚಿಹ್ನೆಗಳು ಹೆಚ್ಚಿದವು, ಅರ್ಥ ಹೆಚ್ಚಲಿಲ್ಲ. 2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಚಿತ್ರದಲ್ಲಿ ನಾಯಕನ ಪಕ್ಕೆಗೆ ಇರಿತ, ಕೈಚಾಚಿದ ಪತನ, ಶುಶ್ರೂಷಕಿ ಬಂದು ನೋಡುವಾಗ ಬರಿದಾದ ಹಾಸಿಗೆ. 2013ರ ಚಿತ್ರದಲ್ಲಿ ಮೂವತ್ತಮೂರು ವರ್ಷದ ನಾಯಕನು ದೇವಾಲಯದಲ್ಲಿ ಪಾದ್ರಿಯೊಡನೆ ಮಾತಾಡುವಾಗ ಅವನ ಹೆಗಲ ಹಿಂದೆ ಗೆತ್ಸೇಮನೆಯ ಕ್ರಿಸ್ತನ ಬಣ್ಣದ ಗಾಜು. ಎಲ್ಲರನ್ನೂ ರಕ್ಷಿಸಬಲ್ಲೆಯೆಂದು ತಂದೆ ಹೇಳಿದೊಡನೆ ಶಿಲುಬೆಯಾಕಾರದಲ್ಲಿ ಆಕಾಶಕ್ಕಿಳಿಯುವ ದೇಹ. ಆ ಬಳಿಕ ನಗರದ ಕಟ್ಟಡಗಳು ಸಾಲುಸಾಲಾಗಿ ಉರುಳುತ್ತವೆ, ಕೊನೆಗೆ ಆ ಕೈಗಳೇ ವೈರಿಯ ಕತ್ತನ್ನು ಮುರಿಯುತ್ತವೆ. ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಚಿತ್ರವು ಅಮೆರಿಕದಲ್ಲಿ ತೆರೆಕಂಡದ್ದು 2016ರ ಮಾರ್ಚ್ 25ರಂದು, ಶುಭ ಶುಕ್ರವಾರದ ದಿನವೇ. ಅದರಲ್ಲಿ ಸತ್ತ ನಾಯಕನನ್ನು ಕೆಳಕ್ಕಿಳಿಸುವ ದೃಶ್ಯ, ಶಿಲುಬೆಯಿಂದ ಕ್ರಿಸ್ತನನ್ನು ಇಳಿಸುವ ಹಳೆಯ ವರ್ಣಚಿತ್ರಗಳ ಜೋಡಣೆಯನ್ನೇ ಹೋಲುತ್ತದೆ. ಮಾರ್ಚ್ 25 ಮರಿಯಳಿಗೆ ದೂತನ ವಾರ್ತೆ ಬಂದುದನ್ನು ಸ್ಮರಿಸುವ ದಿನವೂ ಹೌದು; ಗರ್ಭಧಾರಣೆಯ ಸ್ಮರಣೆಯೂ ಮರಣದ ಸ್ಮರಣೆಯೂ ಒಂದಾಗುವ ಆ ಅಪರೂಪದ ದಿನದ ತೂಕವನ್ನು ಬಿಡುಗಡೆಯ ತಾರೀಖು ಗೊತ್ತುಮಾಡಿದವರು ಬಲ್ಲವರಾಗಿದ್ದರೆಂದು ನಮಗೆ ತೋರುವುದಿಲ್ಲ.

ಸಭೆಯು ಇಂಥ ಮಗನನ್ನು ಹಿಂದೆಯೂ ಕಂಡಿದೆ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನಾಸಿಯನು ಸ್ಮುರ್ನದವರಿಗೂ ತ್ರಲ್ಲೆಯವರಿಗೂ ಬರೆದ ಪತ್ರಗಳಲ್ಲಿ ಎದುರಿಸಿದ್ದು, ಕ್ರಿಸ್ತನ ಬಾಧೆ ಬರಿಯ ತೋರಿಕೆಯೆಂದು ಹೇಳುತ್ತಿದ್ದವರನ್ನು. ಕನ್ನಡಕ ಹಾಕಿಕೊಂಡು ತಡವರಿಸುವ ಕ್ಲಾರ್ಕ್ ಕೆಂಟ್ ಬಹುಕಾಲ ಇಂಥದೇ ತೋರಿಕೆ. ಅವನ ದೌರ್ಬಲ್ಯ ಒಂದು ವೇಷ, ಒಳಗಿರುವ ಅಜೇಯನೇ ನಿಜ. 1986ರಲ್ಲಿ ಜಾನ್ ಬರ್ನ್ ಎಂಬ ಲೇಖಕನು ಚಿತ್ರಪುಸ್ತಕಗಳಲ್ಲಿ ಇದನ್ನು ತಿರುಗಿಸಿ ಕ್ಲಾರ್ಕನನ್ನೇ ನಿಜವಾದ ವ್ಯಕ್ತಿಯನ್ನಾಗಿಸಿದನೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಗುಂಡು ತಾಗಿದರೆ ಅವನಿಗೂ ಗಾಯವಾಗದು. 451ರ ಖಲ್ಕೆದೋನ್ ಮಹಾಸಭೆಯು ಪರಿಪೂರ್ಣ ದೇವತ್ವದೊಡನೆ ಪರಿಪೂರ್ಣ ಮನುಷ್ಯತ್ವವನ್ನು ಒತ್ತಿಹೇಳಿದ್ದು ಬರಿಯ ಸೂತ್ರರಚನೆಯ ಹಟದಿಂದಲ್ಲ. ಗಾಯವಾಗದವನು ನಮ್ಮ ಗಾಯವನ್ನು ಹೊರಲಾರನೆಂಬ ಅರಿವಿನಿಂದ. ತೋಮನ ಹೆಸರಿನ ಬಾಲ್ಯಸುವಾರ್ತೆಯಲ್ಲಿ ಬಾಲಯೇಸು ತನಗೆ ಡಿಕ್ಕಿಹೊಡೆದ ಹುಡುಗನನ್ನು ಮಾತಿನಿಂದಲೇ ಸಾಯಿಸುತ್ತಾನೆ. ಅದನ್ನು ಜನ ಆಸಕ್ತಿಯಿಂದ ಓದಿದರು, ಹಲವು ಭಾಷೆಗಳಿಗೆ ತಿರುಗಿಸಿದರು. ಸಭೆ ಮಾತ್ರ ಅದನ್ನು ಪವಿತ್ರಗ್ರಂಥಗಳಲ್ಲಿ ಸೇರಿಸಲಿಲ್ಲ.

ಕನ್ನಡದಲ್ಲಿ ಬೋಧಿಸುವ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ವಾಕ್ಯವು ಶರೀರಧಾರಿಯಾದುದನ್ನು ನಾವು ನರಾವತಾರ, ಮನುಷ್ಯಾವತಾರ ಎಂಬ ಮಾತುಗಳಿಂದ ಸೂಚಿಸುತ್ತ ಬಂದಿದ್ದೇವೆ. ಅವತಾರವೆಂದೊಡನೆ ನಮ್ಮ ಕೇಳುಗರ ಮನಸ್ಸಿಗೆ ಬರುವುದು ದುಷ್ಟಸಂಹಾರಕ್ಕಾಗಿ ಇಳಿದುಬಂದು, ಕಾರ್ಯ ಮುಗಿಸಿ ಹಿಂತಿರುಗುವ ದಿವ್ಯಶಕ್ತಿ. ಸೂಪರ್‌ಮ್ಯಾನನನ್ನು ಕ್ರಿಸ್ತನ ದೃಷ್ಟಾಂತವಾಗಿ ನಿಲ್ಲಿಸಿದರೆ ಆ ಕಲ್ಪನೆ ಇನ್ನಷ್ಟು ಬಲವಾಗುತ್ತದೆ, ಗೋದಲಿಯೂ ಗೊಲ್ಗೊಥವೂ ಹಿಂದಕ್ಕೆ ಸರಿಯುತ್ತವೆ. ಶಿಬಿರದಿಂದ ಮನೆಗೆ ಹೋದ ಹುಡುಗನು, ಯೇಸು ಶಿಲುಬೆಯಿಂದ ಇಳಿದು ಬರಬಹುದಾಗಿತ್ತಲ್ಲ, ಏಕೆ ಬರಲಿಲ್ಲ ಎಂದು ಕೇಳಿದರೆ ಆ ಚಿತ್ರಗಳಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಮೊದಲು ಕೇಳಿದವರು ಶಿಲುಬೆಯ ಕೆಳಗೆ ನಿಂತು ಹಾಸ್ಯ ಮಾಡುತ್ತಿದ್ದವರೆಂಬುದನ್ನು ಅವನಿಗೆ ನಾವೇ ಹೇಳಬೇಕು.

ಹಾಗಾದರೆ ಈ ಕಥೆಯನ್ನು ಪ್ರಸಂಗಪೀಠದಿಂದ ದೂರವಿಡಬೇಕೇ? ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಅದರ ಸ್ವಂತ ಜಾಗದಲ್ಲಿ ಓದಬಹುದು. 1938ರ ಆ ಒಂದು ಪುಟ, ಉಳಿಸಲ್ಪಟ್ಟ ಕೂಸಿನ ಪುಟ, ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ಬೋಧಿಸುವ ಭಾನುವಾರಕ್ಕೆ ಒಳ್ಳೆಯ ಸಂಗಾತಿ. ಮೋಶೆಯು ಮೊದಲು ಉಳಿಸಲ್ಪಟ್ಟನು. ಎಂಭತ್ತು ವರ್ಷಗಳಾದ ಮೇಲೆ, ಉರಿಯುವ ಪೊದೆಯ ಬಳಿಯಲ್ಲಿ, ಕಳುಹಿಸಲ್ಪಟ್ಟನು. ಮತ್ತಾಯನು ತನ್ನ ಎರಡನೆಯ ಅಧ್ಯಾಯವನ್ನು ಬರೆದಾಗ ಈ ಕ್ರಮವನ್ನು ಬಲ್ಲವನಾಗಿಯೇ ಬರೆದನು. ಹೆರೋದನು ಫರೋಹನಂತೆ ಮಕ್ಕಳನ್ನು ಕೊಲ್ಲಿಸುತ್ತಾನೆ, ಲೋಕರಕ್ಷಕನು ಮೊದಲು ತಾನೇ ಒಯ್ಯಲ್ಪಡಬೇಕಾದ ಹಸುಗೂಸಾಗಿ ಐಗುಪ್ತಕ್ಕೆ ಓಡುತ್ತಾನೆ. ಮೋಶೆಯನ್ನು ಅಳಿಸಿ ಕ್ರಿಸ್ತನನ್ನು ಬರೆದವನಲ್ಲ ಮತ್ತಾಯ. ಮೋಶೆಯ ಕಥೆ ನೆನಪಿಲ್ಲದವನಿಗೆ ಅವನ ಅಧ್ಯಾಯ ಅರ್ಧವೇ ತಿಳಿಯುತ್ತದೆ. ಬೇತ್ಲೆಹೇಮಿನಲ್ಲಿ ಉಳಿಯದೆ ಹೋದ ಮಕ್ಕಳಿಗಾಗಿ ರಾಹೇಲಳ ಗೋಳಾಟವನ್ನೂ ಅವನು ಬಿಟ್ಟುಬಿಡಲಿಲ್ಲ. ಕ್ರಿಪ್ಟಾನ್ ಗ್ರಹದಲ್ಲಿ ಸತ್ತವರಿಗಾಗಿ ಇಂಥ ಗೋಳಾಟಕ್ಕೆ ಸಿನಿಮಾಗಳಲ್ಲಿ ಸಮಯವಿಲ್ಲ. ವಿಮೋಚನಕಾಂಡದಲ್ಲಿ, ಪೆಟ್ಟಿಗೆಯನ್ನು ನೀರಂಚಿನಲ್ಲಿ ಇಟ್ಟ ಮೇಲೆ, ಮಗುವಿಗೆ ಏನಾಗುವುದೋ ನೋಡಬೇಕೆಂದು ಅಕ್ಕನು ಸ್ವಲ್ಪ ದೂರದಲ್ಲಿ ನಿಂತಿರುತ್ತಾಳೆ.